ಹೊಸ ಹೊಸ ಜಾಗ ಬೇಡ, ಅದೇ ಜನ ಸಿಗಲಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಓದುಗರೊಬ್ಬರು ತಮ್ಮ ಸಿಟ್ಟು ತೋಡಿಕೊಂಡಿದ್ದರು. ಗುಂಪು ಚಾರಣಕ್ಕೆ ಹೋದೆ, ದುಡ್ಡು ಕೊಟ್ಟೆ, ಕಾಲು ನೋಯಿಸಿಕೊಂಡು ಬಂದೆ, ಒಬ್ಬ ಗೆಳೆಯನೂ ಸಿಗಲಿಲ್ಲ, ಇದೆಲ್ಲ ಬರೀ ಬೊಗಳೆ ಅಂತ. ಅವರ ಮಾತಿಗೆ ನನ್ನ ತಕರಾರಿಲ್ಲ. ಐದು ವರ್ಷದ ಹಿಂದೆ ಆ ಪತ್ರವನ್ನು ನಾನೇ ಬರೆಯಬೇಕಿತ್ತು, ಸೋಮಾರಿತನಕ್ಕೆ ಬರೆಯಲಿಲ್ಲ ಅಷ್ಟೇ. ಆದರೆ ಅವರು ಹೋಗಿದ್ದು ಒಂದೇ ಸಲ. ಹೋಗಿದ್ದು ಐವತ್ತು ಜನರ ಗುಂಪಿನ ಜೊತೆ. ಹಾಗೆ ಹೋದರೆ ಗೆಳೆಯರು ಸಿಗುವುದಿಲ್ಲ, ಸಿಗದಿದ್ದರೆ ಆಶ್ಚರ್ಯವೂ ಇಲ್ಲ. ಅದಕ್ಕೇ ಈ ಪತ್ರ.

ಕೆಲಸಕ್ಕೋಸ್ಕರ ಊರು ಬಿಟ್ಟಾಗ ನನಗೆ 36. ಹಳೇ ಗೆಳತಿಯರೆಲ್ಲ ಫೋನಿನಲ್ಲಿದ್ದರು, ಈಗಲೂ ಇದ್ದಾರೆ. ಹುಟ್ಟುಹಬ್ಬಕ್ಕೆ ಶುಭಾಶಯಕ್ಕೇನೂ ಕೊರತೆ ಇರಲಿಲ್ಲ. ಆದರೆ ಶನಿವಾರ ಸಂಜೆ ಐದು ಗಂಟೆಗೆ ‘ಬಾರೇ, ಸುಮ್ನೆ ಒಂದು ಸುತ್ತು ಹಾಕಿ ಬರೋಣ’ ಅನ್ನುವುದಕ್ಕೆ ಒಬ್ಬರೂ ಇರಲಿಲ್ಲ. ಆಫೀಸಿನವರು ಒಳ್ಳೆಯವರೇ, ಆದರೆ ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಅವರ ದಾರಿ ಅವರಿಗೆ. ಹಾಗಾಗಿ ಒಂದು ಜಾಹೀರಾತು ನೋಡಿ ಗುಂಪು ಪ್ರವಾಸಕ್ಕೆ ಹೆಸರು ಕೊಟ್ಟೆ. ‘ಅಪರಿಚಿತರಾಗಿ ಬನ್ನಿ, ಗೆಳೆಯರಾಗಿ ಹೋಗಿ’ ಅಂತೇನೋ ಇತ್ತು ಅದರಲ್ಲಿ.

ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು. 45 ಜನ. ಇಳಿದ ತಕ್ಷಣ ದೊಡ್ಡ ವೃತ್ತ ಮಾಡಿ ನಿಲ್ಲಿಸಿದರು, ಹೆಸರು, ಕೆಲಸ, ಹವ್ಯಾಸ ಹೇಳಿ ಅಂದರು. ಹತ್ತನೆಯವರು ಮಾತಾಡುವ ಹೊತ್ತಿಗೆ ಮೊದಲನೆಯವರ ಹೆಸರು ಮರೆತೇಹೋಗಿತ್ತು, ನನ್ನ ಸರದಿ ಬರುವಷ್ಟರಲ್ಲಿ ನನ್ನ ಹವ್ಯಾಸ ಏನು ಅನ್ನುವುದೇ ಮರೆತಿತ್ತು. ಜೋಡಿಯಾಗಿ ಬಂದವರು ಜೋಡಿಯಾಗೇ ನಡೆದರು, ಆಫೀಸಿನ ಗುಂಪು ಆಫೀಸಿನ ಸುದ್ದಿಯನ್ನೇ ಮಾತಾಡಿಕೊಂಡು ಹೋಯಿತು, ಒಂಟಿಯಾಗಿ ಬಂದ ನಾವು ಏಳೆಂಟು ಜನ ಪರಸ್ಪರ ನೋಡಿ ನಕ್ಕು ಮತ್ತೆ ನೆಲ ನೋಡಿಕೊಂಡು ಹತ್ತಿದೆವು. ಮೇಲೆ ಹೋದ ಮೇಲೆ ಬಂಡೆಯ ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಸಾಲು. ಇಳಿದು ಬಂದೆವು. ಮಾರನೇ ದಿನ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಫೋಟೊ, ಎರಡು ದಿನ ‘ಸೂಪರ್’, ‘ಮತ್ತೆ ಸಿಗೋಣ’, ಆಮೇಲೆ ಮೌನ, ಆಮೇಲೆ ಶುಭೋದಯದ ಹೂವಿನ ಚಿತ್ರ, ಕೊನೆಗೆ ಯಾರದೋ ವಿಮೆ ಪಾಲಿಸಿಯ ಜಾಹೀರಾತು. ಆಚೆ ಬಂದೆ.

ತಪ್ಪು ನನ್ನದೇ ಅಂದುಕೊಂಡಿದ್ದೆ. ನನಗೆ ಜನರ ಜೊತೆ ಬೆರೆಯೋಕೆ ಬರಲ್ಲ, ವಯಸ್ಸು ಮೀರಿಹೋಯಿತು ಅಂತ. ಆಮೇಲೆ ಸ್ವಲ್ಪ ಓದಿದೆ, ಲೆಕ್ಕ ಹಾಕಿದೆ, ಆಗ ಗೊತ್ತಾಯಿತು ನನ್ನ ತಪ್ಪು ಅಷ್ಟೇನೂ ಇರಲಿಲ್ಲ ಅಂತ.

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದವರು, ಹೊಸದಾಗಿ ಕಾಲೇಜು ಸೇರಿದವರು ಯಾರ ಜೊತೆ ಎಷ್ಟು ಹೊತ್ತು ಕಳೆದರೆ ಎಷ್ಟು ಹತ್ತಿರವಾಗುತ್ತಾರೆ ಅಂತ ಕೇಳಿ ನೋಡಿದ್ದು. ಪರಿಚಯದವರು ಒಂದು ಮಟ್ಟಿಗೆ ಗೆಳೆಯರಾಗಲು ಸುಮಾರು 50 ಗಂಟೆ, ನಿಜವಾದ ಗೆಳೆಯರು ಅನ್ನಿಸಲು ಸುಮಾರು 90 ಗಂಟೆ, ಆಪ್ತರಾಗಲು 200 ಗಂಟೆಗೂ ಜಾಸ್ತಿ. ಅದರಲ್ಲೂ ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲವಂತೆ, ಬಿಡುವಿನಲ್ಲಿ ಜೊತೆಗಿದ್ದದ್ದೇ ಮುಖ್ಯ. ಇದೇನು ತಕ್ಕಡಿಯಲ್ಲಿ ತೂಗಿದ ಸಂಖ್ಯೆಯಲ್ಲ, ಸರಾಸರಿ. ಆದರೂ ಲೆಕ್ಕ ಹಾಕಿ ನೋಡಿ. ತಿಂಗಳಿಗೊಂದು ಸಲ, ನಾಲ್ಕು ಗಂಟೆಯ ನಡಿಗೆ. ವರ್ಷಕ್ಕೆ 48 ಗಂಟೆ. ಅಂದರೆ ಅದೇ ಮನುಷ್ಯರು ಪ್ರತಿ ತಿಂಗಳೂ ತಪ್ಪದೆ ಬಂದರೂ ವರ್ಷದ ಕೊನೆಗೆ ಗೆಳೆತನದ ಹೊಸ್ತಿಲ ಹತ್ತಿರ ಬಂದಿರುತ್ತೀರಿ. ವಾರಕ್ಕೆ ಎರಡು ಗಂಟೆ ಸಿಕ್ಕರೆ ಅದೇ 50 ಗಂಟೆ ಆರು ತಿಂಗಳೊಳಗೆ ಮುಗಿಯುತ್ತದೆ. ಒಂದೇ ಸಲ ಹೋಗಿ, ಪ್ರತಿಯೊಬ್ಬರ ಜೊತೆ ಐದೈದು ನಿಮಿಷ ಮಾತಾಡಿ ಬಂದವರು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಇನ್ನೊಂದು ವಿಷಯ ಗುಂಪಿನ ಗಾತ್ರದ್ದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಾಬಿನ್ ಡನ್ಬಾರ್ ಹೆಸರು ಕೇಳಿರುತ್ತೀರಿ, ಒಬ್ಬ ಮನುಷ್ಯ ನಿಭಾಯಿಸಬಹುದಾದ ಸಂಬಂಧಗಳು ಸುಮಾರು 150 ಅಂದವರು. ಅವರೇ 1990ರ ದಶಕದಲ್ಲಿ ಇನ್ನೊಂದು ಸಣ್ಣ ವಿಷಯವನ್ನೂ ಗಮನಿಸಿದ್ದರು, ಅದು ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ. ಒಂದು ಮಾತುಕತೆಯಲ್ಲಿ ನಾಲ್ಕು ಜನರ ತನಕ ನಡೆಯುತ್ತದೆ. ಐದನೆಯವರು ಬಂದರೆ ಸ್ವಲ್ಪ ಹೊತ್ತಿಗೆ ಅದು ತಾನಾಗೇ ಎರಡಾಗಿ ಒಡೆಯುತ್ತದೆ. ಯಾವುದೇ ಮದುವೆ ಮನೆಯಲ್ಲಿ, ಯಾವುದೇ ಕಟ್ಟೆಯ ಮೇಲೆ ನಿಂತು ಎಣಿಸಿ ನೋಡಿ, ಹೌದಾ ಅಲ್ವಾ ಅಂತ. 45 ಜನರನ್ನು ವೃತ್ತದಲ್ಲಿ ನಿಲ್ಲಿಸಿ ‘ಪರಿಚಯ ಮಾಡಿಕೊಳ್ಳಿ’ ಅಂದರೆ ಅಲ್ಲಿ ಮಾತುಕತೆ ಇರುವುದಿಲ್ಲ, ಹಾಜರಿ ಇರುತ್ತದೆ.

ಈಗ ನಾನು ಹೋಗುತ್ತಿರುವ ಗುಂಪಿನ ವಿಷಯಕ್ಕೆ ಬರುತ್ತೇನೆ. ಹೆಸರೇ ಇಲ್ಲದ ಗುಂಪು ಅದು. ಭಾನುವಾರ ಬೆಳಿಗ್ಗೆ ಆರೂವರೆಗೆ ಕೆರೆಯ ಏರಿಯ ಒಂದು ತುದಿಯಲ್ಲಿ ಸೇರುತ್ತೇವೆ, ಎರಡು ಗಂಟೆ ನಡೆಯುತ್ತೇವೆ, ಮನೆಗೆ ಹೋಗುತ್ತೇವೆ. ಪ್ರತಿ ವಾರ ಅದೇ ದಾರಿ. ಮೊದಲ ದಿನ ನನಗೆ ಇದೆಂಥಾ ಬೋರು ಅನ್ನಿಸಿತ್ತು. ನೋಡೋಕೆ ಏನಿದೆ ಇಲ್ಲಿ? ಏನೂ ಇರಲಿಲ್ಲ, ಅದೇ ಅದರ ಒಳ್ಳೆಯತನ ಅಂತ ತಿಳಿಯಲು ಎರಡು ತಿಂಗಳು ಬೇಕಾಯಿತು. ನೋಡುವುದಕ್ಕೆ ಜಲಪಾತ ಇಲ್ಲದಾಗ ಮನುಷ್ಯರು ಪಕ್ಕದವರನ್ನು ನೋಡುತ್ತಾರೆ.

ಏಳನೇ ವಾರವೋ ಎಂಟನೇ ವಾರವೋ, ನಡೆಯುತ್ತಿದ್ದಾಗ ನನ್ನ ಶೂವಿನ ತಳ ಕಿತ್ತು ಬಂತು. ಪೂರ್ತಿ ಕಿತ್ತು ಬಂದಿದ್ದರೆ ಬಿಸಾಕಬಹುದಿತ್ತು, ಅರ್ಧ ಅಂಟಿಕೊಂಡು ಮೊಸಳೆ ಬಾಯಿಯ ಥರ ತೆರೆದು ಮುಚ್ಚುತ್ತಿತ್ತು. ಮುಂದಿನವರೆಲ್ಲ ಹೋಗಿಬಿಟ್ಟರು. ಹಿಂದೆ ಬರುತ್ತಿದ್ದ ನಿವೃತ್ತ ಮೇಷ್ಟ್ರು ಒಬ್ಬರು ಚೀಲದಿಂದ ಸೆಣಬಿನ ಹಗ್ಗ ತೆಗೆದರು. ‘ನೀವು ಹಗ್ಗ ಇಟ್ಕೊಂಡೇ ಓಡಾಡ್ತೀರಾ ಮೇಷ್ಟ್ರೇ?’ ಅಂದೆ. ‘ಏನಮ್ಮ, ಹಗ್ಗ ಇಲ್ದೆ ಯಾರಾದ್ರೂ ಮನೆಯಿಂದ ಹೊರಡ್ತಾರಾ?’ ಅಂದರು, ಒಂಚೂರೂ ನಗದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಇನ್ನೊಬ್ಬಳು ಹುಡುಗಿ ನಿಂತಳು, ಕಾಲು ಹಿಡಿದುಕೊಂಡಳು, ಮೇಷ್ಟ್ರು ಮೂಟೆ ಕಟ್ಟುವ ಹಾಗೆ ಶೂ ಕಟ್ಟಿದರು. ಮೂವರೂ ಕುಂಟುತ್ತಾ, ನಗುತ್ತಾ, ಒಂದು ಗಂಟೆಯ ದಾರಿಯನ್ನು ಎರಡು ಗಂಟೆ ಮಾಡಿಕೊಂಡು ವಾಪಸ್ ಬಂದೆವು. ಆ ಎರಡು ಗಂಟೆಯಲ್ಲಿ ಆ ಹುಡುಗಿ ತನ್ನ ಅಪ್ಪನ ಕಾಯಿಲೆಯ ಬಗ್ಗೆ ಹೇಳಿದಳು. ನಾನು ಯಾಕೆ ಊರು ಬಿಟ್ಟೆ ಅಂತ ಹೇಳಿದೆ, ಆಫೀಸಿನಲ್ಲಿ ಯಾರಿಗೂ ಹೇಳದ ವಿಷಯ ಅದು. ಇವತ್ತಿಗೆ ನನಗೆ ಜ್ವರ ಬಂದರೆ ಫೋನು ಮಾಡುವುದು ಅವಳಿಗೇ.

ಇಲ್ಲೊಂದು ಮಾತು. ಶೂ ಕಿತ್ತು ಬಂದಿದ್ದು ಮೊದಲನೇ ವಾರವೇ ಆಗಿದ್ದರೆ ಇದು ನಡೆಯುತ್ತಿರಲಿಲ್ಲ. ಹಗ್ಗ ಸಿಗುತ್ತಿತ್ತೇನೋ, ಥ್ಯಾಂಕ್ಸ್ ಹೇಳಿ ಮುಗಿಸುತ್ತಿದ್ದೆ. ಏಳು ವಾರ ಸುಮ್ನೆ ಹವಾಮಾನ, ಮೊಣಕಾಲು ನೋವು, ನಾಯಿಗಳ ಕಾಟ ಅಂತ ಮಾತಾಡಿದ್ದು ಅವತ್ತು ಉಪಯೋಗಕ್ಕೆ ಬಂತು. 1950ರಲ್ಲೇ ಲಿಯಾನ್ ಫೆಸ್ಟಿಂಗರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಇಬ್ಬರು ಸಂಗಡಿಗರು ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿಯಲ್ಲಿ ಯಾರು ಯಾರಿಗೆ ಗೆಳೆಯರು ಅಂತ ನೋಡಿ ಒಂದು ಮಾತು ತೋರಿಸಿದ್ದರು: ಜನ ತಮ್ಮಂಥವರನ್ನು ಹುಡುಕಿಕೊಂಡು ಹೋಗಿದ್ದಕ್ಕಿಂತ ಪಕ್ಕದ ಬಾಗಿಲಿನವರನ್ನೇ ಗೆಳೆಯರು ಮಾಡಿಕೊಂಡಿದ್ದು ಹೆಚ್ಚು. ಮೆಟ್ಟಿಲ ಹತ್ತಿರದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು, ಹತ್ತಿ ಇಳಿಯುವವರೆಲ್ಲ ಅವರ ಬಾಗಿಲ ಮುಂದೆಯೇ ಹಾದುಹೋಗಬೇಕಿತ್ತಲ್ಲ, ಅದಕ್ಕೆ. ಮುಖ ಮತ್ತೆ ಮತ್ತೆ ಎದುರಾಗಬೇಕು, ಪ್ಲಾನು ಮಾಡದೆ ಎದುರಾಗಬೇಕು. ವಾರದ ನಡಿಗೆ ಮಾಡುವುದೂ ಅದನ್ನೇ, ದೊಡ್ಡವರಿಗೆ ಒಂದು ಮೆಟ್ಟಿಲು ಕಟ್ಟಿಕೊಡುತ್ತದೆ.

ಹೊರಗೆ ನಡೆಯುವುದೇ ಯಾಕೆ, ಒಳಗೆ ಕೂತು ಮಾತಾಡಿದರಾಗದಾ ಅಂತ ನನ್ನ ಅಣ್ಣ ಕೇಳುತ್ತಾನೆ. ಆಗುತ್ತೆ, ಕೆಲವರಿಗೆ. ನನ್ನಂಥವರಿಗೆ ಆಗಲ್ಲ. ಎದುರುಬದುರು ಕೂತರೆ ಮಾತು ನಿಂತ ಕ್ಷಣ ಕುರ್ಚಿಗೆ ಮುಳ್ಳು ಬರುತ್ತದೆ. ನಡೆಯುವಾಗ ಇಬ್ಬರೂ ಮುಂದೆ ನೋಡುತ್ತಿರುತ್ತೀರಿ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ, ಮಾತು ನಿಂತರೆ ಕಾಲಿನ ಸದ್ದು ಇದೆ. ಬೇಸರವಾದರೆ ಲೇಸು ಕಟ್ಟುವ ನೆಪದಲ್ಲಿ ಹಿಂದೆ ಉಳಿದು ಜೊತೆ ಬದಲಾಯಿಸಬಹುದು, ಯಾರಿಗೂ ಅವಮಾನವಾಗುವುದಿಲ್ಲ. ಊಟದ ಮೇಜಿನಲ್ಲಿ ಹೀಗೆ ಎದ್ದುಹೋಗಿ ನೋಡಿ! ಜೊತೆಗೆ ಒಟ್ಟಿಗೆ ಮೈ ದಂಡಿಸುವುದರಲ್ಲೂ ಏನೋ ಇದೆ. ಆಕ್ಸ್‌ಫರ್ಡ್‌ನಲ್ಲಿ ದೋಣಿ ಸ್ಪರ್ಧೆಯ ಹುಡುಗರನ್ನು ಯಂತ್ರದ ಮೇಲೆ ಹುಟ್ಟು ಹಾಕಿಸಿ ಒಂದು ಸಣ್ಣ ಪ್ರಯೋಗ ಮಾಡಿದ್ದರು, 2010ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರೇ ಹುಟ್ಟು ಹಾಕಿದಾಗಿಗಿಂತ ಒಟ್ಟಿಗೆ ಲಯದಲ್ಲಿ ಹಾಕಿದಾಗ, ಅಷ್ಟೇ ಶ್ರಮಕ್ಕೆ, ನೋವು ತಡೆಯುವ ಶಕ್ತಿ ಜಾಸ್ತಿಯಾಗಿತ್ತು. ನಮ್ಮ ಹಳೇ ಕಾಲದ ನಾಟಿ ಮಾಡುವ ಹೆಂಗಸರನ್ನು ಕೇಳಿದ್ದರೆ ಯಂತ್ರವಿಲ್ಲದೆಯೇ ಹೇಳುತ್ತಿದ್ದರು, ಇರಲಿ.

ಒಂದೇ ಜಾಗ, ಒಂದೇ ಹೊತ್ತು ಅನ್ನುವುದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಪಾರ್ಕ್‌ರನ್ ನೋಡಿ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ ಪಾಲ್ ಸಿಂಟನ್-ಹೆವಿಟ್ ಅನ್ನುವವರು ಐದು ಕಿಲೋಮೀಟರ್ ಓಟ ಶುರುಮಾಡಿದರು. ಮೊದಲ ದಿನ ಓಡಿದವರು 13 ಜನ. ಶುರುಮಾಡಿದ ಸಿಂಟನ್-ಹೆವಿಟ್ ಅವರಿಗೇ ಆಗ ಗಾಯವಾಗಿ ಓಡಲು ಆಗುತ್ತಿರಲಿಲ್ಲ, ಗೆಳೆಯರ ಸಂಗ ಬಿಟ್ಟುಹೋಗಬಾರದು ಅಂತ ಗಡಿಯಾರ ಹಿಡಿದು ನಿಂತರು. ಇವತ್ತು ಅದು ಇಪ್ಪತ್ತಕ್ಕೂ ಜಾಸ್ತಿ ದೇಶಗಳಲ್ಲಿ ವಾರ ವಾರ ನಡೆಯುತ್ತದೆ. ದುಡ್ಡಿಲ್ಲ, ಓಡದೆ ನಡೆದರೂ ಆಯಿತು. ನನಗೆ ಇಷ್ಟವಾದದ್ದು ಓಟ ಅಲ್ಲ, ಆ ಗಡಿಯಾರ. ಓಡಲಾಗದವರಿಗೂ ಅಲ್ಲೊಂದು ಕೆಲಸ ಇದೆ. ಸಮಯ ಬರೆದುಕೊಳ್ಳುವುದು, ತಿರುವಿನಲ್ಲಿ ನಿಂತು ದಾರಿ ತೋರಿಸುವುದು, ಕೊನೆಯವರ ಜೊತೆ ನಡೆದು ಬರುವುದು.

ಸಂಕೋಚದವರಿಗೆ ನಾನು ಹೇಳುವುದು ಇದನ್ನೇ. ಗುಂಪಿಗೆ ಹೋದರೆ ಒಂದು ಕೆಲಸ ಕೇಳಿ ತಗೊಳ್ಳಿ. ‘ಹಾಯ್, ನಾನು ಹೊಸಬಳು’ ಅನ್ನುವುದು ಬಹಳ ಕಷ್ಟದ ಮಾತು, ‘ನಿಮ್ಮ ಹೆಸರು ಬರ್ಕೋಬೇಕಿತ್ತು’ ಅನ್ನುವುದು ಸುಲಭ. ಕೈಯಲ್ಲಿ ಒಂದು ಪಟ್ಟಿ, ಒಂದು ಪೆನ್ನು, ಒಂದು ಪ್ರಥಮ ಚಿಕಿತ್ಸೆ ಡಬ್ಬಿ ಇದ್ದರೆ ಎಲ್ಲಿ ನಿಲ್ಲಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಮತ್ತೆ, ಮೊದಲನೇ ಸಲಕ್ಕಿಂತ ಎರಡನೇ ಸಲ ಹೋಗುವುದು ಕಷ್ಟ, ಇದನ್ನು ಯಾರೂ ಹೇಳುವುದಿಲ್ಲ. ಮೊದಲ ಸಲ ಕುತೂಹಲ ಎಬ್ಬಿಸಿ ಕಳಿಸುತ್ತದೆ. ಎರಡನೇ ಸಲದ ಹೊತ್ತಿಗೆ ಹಾಸಿಗೆಯಲ್ಲಿ ಬಿದ್ದುಕೊಂಡು ‘ಹೋದ್ಸಲ ನಾನು ಜಾಸ್ತಿ ಮಾತಾಡಿದೆ, ಏನಂದುಕೊಂಡರೋ’ ಅಂತ ಕೊರಗುತ್ತಿರುತ್ತೀರಿ. ಅವರು ಏನೂ ಅಂದುಕೊಂಡಿರುವುದಿಲ್ಲ. 2018ರಲ್ಲಿ ಎರಿಕಾ ಬೂತ್‌ಬಿ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಅಪರಿಚಿತರನ್ನು ಕೂರಿಸಿ ಮಾತಾಡಿಸಿ ಆಮೇಲೆ ಬೇರೆ ಬೇರೆಯಾಗಿ ಕೇಳಿದಾಗ, ಎದುರಿನವರಿಗೆ ನಾವು ಎಷ್ಟು ಇಷ್ಟವಾಗಿದ್ದೇವೆ ಅನ್ನುವುದನ್ನು ಜನ ಕಡಿಮೆಯೇ ಅಂದಾಜು ಮಾಡುತ್ತಾರೆ ಅಂತ ಕಂಡುಬಂತು. ಅಂದರೆ ನೀವು ಅವರ ಬಗ್ಗೆ ಕೊರಗುವಾಗ ಅವರು ನಿಮ್ಮ ಬಗ್ಗೆ ಅದೇ ಕೊರಗಿನಲ್ಲಿರುತ್ತಾರೆ, ಇಬ್ಬರೂ ಭಾನುವಾರ ಮನೆಯಲ್ಲೇ!

ಕಹಿ ವಿಷಯಗಳೂ ಇವೆ, ಬಿಡುವುದಿಲ್ಲ. ಒಬ್ಬ ಆಯೋಜಕ ‘ಇಪ್ಪತ್ತು ಜನರ ಪುಟ್ಟ ಗುಂಪು’ ಅಂತ ದುಡ್ಡು ತಗೊಂಡು ಹೊರಡುವ ದಿನ ಎರಡು ಬಸ್ಸು ತಂದು ನಿಲ್ಲಿಸಿದ್ದ. ಕೇಳಿದ್ದಕ್ಕೆ ‘ಜನ ಜಾಸ್ತಿ ಆದಷ್ಟೂ ಗೆಳೆಯರು ಜಾಸ್ತಿ ಅಲ್ವಾ ಮೇಡಂ’ ಅಂದ. ಇನ್ನೊಂದು ಗುಂಪಿನಲ್ಲಿ ನನ್ನ ನಂಬರನ್ನು ವಾಟ್ಸಾಪ್ ಪಟ್ಟಿಯಿಂದ ತೆಗೆದುಕೊಂಡು ರಾತ್ರಿ ಹನ್ನೊಂದಕ್ಕೆ ‘ನಿದ್ದೆ ಬಂತಾ’ ಅಂತ ಮೆಸೇಜು ಕಳಿಸುವ ಮಹಾನುಭಾವನಿದ್ದ. ನಾನು ಕಂಡ ಹಾಗೆ ಹೆಂಗಸರು ಗುಂಪು ಬಿಡುವುದಕ್ಕೆ ಮುಖ್ಯ ಕಾರಣ ಬೆಟ್ಟ ಕಡಿದಾಗಿದೆ ಅಂತಲ್ಲ, ಇಂಥ ಮೆಸೇಜು. ಆಯೋಜಕರಿಗೆ ಹೇಳಿದರೆ ‘ಅವರು ಹಾಗಲ್ಲ, ಸ್ವಲ್ಪ ಫ್ರೆಂಡ್ಲಿ ಅಷ್ಟೇ’ ಅನ್ನುತ್ತಾರೆ. ನಮ್ಮ ಗುಂಪಿನಲ್ಲಿ ಈಗ ಇದಕ್ಕೊಂದು ನಿಯಮ ಇದೆ: ಎದುರಿಗೆ ಕೇಳಿ ಒಪ್ಪಿಗೆ ಪಡೆಯದೆ ಯಾರೂ ಯಾರಿಗೂ ಬೇರೆಯಾಗಿ ಮೆಸೇಜು ಮಾಡುವಂತಿಲ್ಲ, ಫೋಟೊವನ್ನೂ ಹಾಕುವಂತಿಲ್ಲ. ಒಂದು ಸಲ ಎಚ್ಚರಿಕೆ, ಎರಡನೇ ಸಲ ಬಾಗಿಲು. ಇಬ್ಬರು ಹೋಗಿದ್ದಾರೆ, ಅದರಿಂದ ಗುಂಪಿಗೆ ನಷ್ಟವೇನೂ ಆಗಿಲ್ಲ. ಹೊಸದಾಗಿ ಹೋಗುವವರು ಮೊದಲ ಸಲ ಹಗಲು ಹೊತ್ತು, ಜನ ಓಡಾಡುವ ಜಾಗ, ನಿಮ್ಮದೇ ವಾಹನ ಅಥವಾ ಸಾರ್ವಜನಿಕ ಬಸ್ಸು ಇರುವ ಕಡೆಯೇ ಹೋಗಿ, ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ರಾತ್ರಿ ತಂಗುವ ಪ್ರವಾಸ ಆಮೇಲೆ ಇದ್ದೇ ಇದೆ. ಗುರುತಾದವರ ಜೊತೆ ಹೋದರೆ ಎರಡು ದಿನದಲ್ಲಿ ಮೂವತ್ತು ಗಂಟೆ ಸಿಗುತ್ತದೆ, ಅಷ್ಟು ಗಂಟೆಗೆ ವಾರದ ನಡಿಗೆಯಲ್ಲಿ ನಾಲ್ಕು ತಿಂಗಳು ಬೇಕು. ಗುರುತಿಲ್ಲದವರ ಜೊತೆ ಹೋದರೆ ಅದೇ ಮೂವತ್ತು ಗಂಟೆ ಬಹಳ ಉದ್ದ.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ನಮ್ಮ ಗುಂಪಿನ ಹದಿನಾಲ್ಕು ಜನರಲ್ಲಿ ನನಗೆ ಗೆಳೆಯರು ಅಂತ ಆಗಿರುವುದು ಮೂರೇ ಜನ. ಉಳಿದವರು ಪರಿಚಯದವರು, ಒಬ್ಬರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ, ಅವರಿಗೂ ನನ್ನ ಬಗ್ಗೆ ಹಾಗೇ ಇರಬಹುದು. ಪರಿಚಯದವರೂ ಸಣ್ಣ ವಿಷಯವಲ್ಲ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಬರೆದಿದ್ದರು, ಕೆಲಸದ ಸುದ್ದಿ ಆಪ್ತರಿಗಿಂತ ಇಂಥ ದೂರದ ಪರಿಚಯದವರಿಂದಲೇ ಬರುವುದು ಜಾಸ್ತಿ ಅಂತ, ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತೇ ಇರುತ್ತದಲ್ಲ. ನಮ್ಮ ಗುಂಪಿನಲ್ಲೂ ಒಬ್ಬ ಹುಡುಗನಿಗೆ ಕೆಲಸ ಸಿಕ್ಕಿದ್ದು ಹೀಗೇ. ಆದರೆ ಆ ಮೂವರು ಗೆಳೆಯರಾಗಿದ್ದು ಗುಂಪಿನೊಳಗೆ ಅಲ್ಲ. ಗುಂಪು ಪರಿಚಯ ಮಾಡಿಸಿತು. ಆಮೇಲೆ ಯಾರೋ ಒಬ್ಬರು ‘ಬುಧವಾರ ಬಿಡುವಿದ್ಯಾ?’ ಅಂತ ಕೇಳಬೇಕಾಯಿತು. ನಾನು ಅದನ್ನು ಕೇಳಲು ನಾಲ್ಕು ತಿಂಗಳು ತಗೊಂಡೆ. ವರ್ಷಗಟ್ಟಲೆ ಗುಂಪಿಗೆ ಬಂದು, ಎಲ್ಲರಿಗೂ ಬೇಕಾದವರಾಗಿ, ಆ ಒಂದು ಪ್ರಶ್ನೆ ಕೇಳದೆ ಉಳಿದವರನ್ನೂ ನೋಡಿದ್ದೇನೆ.

ಈಗ ಸಂಪಾದಕರಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆಯಲ್ಲಿ ‘ವಾರಾಂತ್ಯದ ಕಾರ್ಯಕ್ರಮಗಳು’ ಅಂತ ಹಾಕುತ್ತೀರಿ. ಅದರಲ್ಲಿ ಜಾಗದ ಹೆಸರು, ಎಷ್ಟು ಎತ್ತರ, ಬಂಡೆಯ ಮೇಲೆ ಕೈ ಚಾಚಿ ನಿಂತವರ ಫೋಟೊ ಇಷ್ಟೇ ಇರುತ್ತದೆ. ಅದರ ಜೊತೆ ಮೂರೇ ವಿಷಯ ಸೇರಿಸಿ. ಎಷ್ಟು ಜನ? ಮತ್ತೆ ಯಾವಾಗ ಅದೇ ಜನ ಸೇರುತ್ತಾರೆ? ದೂರು ಇದ್ದರೆ ಯಾರಿಗೆ ಹೇಳಬೇಕು? ಉತ್ತರ ಕೊಡದ ಆಯೋಜಕರ ಹೆಸರನ್ನು ಹಾಕಲೇಬೇಡಿ. ವಯಸ್ಸಾದವರು, ಗಾಲಿಕುರ್ಚಿಯವರು ಬರಬಹುದಾ ಅನ್ನುವುದನ್ನೂ ಒಂದು ಸಾಲು ಹಾಕಿದರೆ ಇನ್ನೂ ಒಳ್ಳೆಯದು. ನಮ್ಮ ಏರಿಯ ದಾರಿ ಸಮತಟ್ಟಾಗಿರುವುದರಿಂದಲೇ ಮೇಷ್ಟ್ರು 74ನೇ ವಯಸ್ಸಿನಲ್ಲೂ ಬರುತ್ತಿದ್ದಾರೆ, ಹಗ್ಗದ ಸಮೇತ.

ಆ ಸಿಟ್ಟಿನ ಓದುಗರಿಗೂ ಒಂದು ಮಾತು. ನಿಮ್ಮ ಹತ್ತಿರದಲ್ಲೇ ಯಾರಾದರೂ ಪ್ರತಿ ವಾರ ಒಂದೇ ದಾರಿಯಲ್ಲಿ ನಡೆಯುತ್ತಿರುತ್ತಾರೆ, ಹುಡುಕಿ. ಆರು ವಾರ ಹೋಗಿ, ಆಮೇಲೂ ಬೊಗಳೆ ಅನ್ನಿಸಿದರೆ ಇದೇ ಅಂಕಣಕ್ಕೆ ಮತ್ತೆ ಬರೆಯಿರಿ, ಈ ಸಲ ನಾನೇ ನಿಮ್ಮ ಪರ ಸಹಿ ಹಾಕುತ್ತೇನೆ. ನಮ್ಮ ಗುಂಪಿನ ವಿಳಾಸ ಮಾತ್ರ ಕೇಳಬೇಡಿ ಸಂಪಾದಕರೇ. ಹದಿನಾಲ್ಕು ಜನ ಆಗಿದ್ದೇವೆ, ಇನ್ನಿಬ್ಬರು ಬಂದರೆ ಎರಡು ಗುಂಪು ಮಾಡಬೇಕು ಅಂತ ಮೇಷ್ಟ್ರು ಹೇಳುತ್ತಿದ್ದಾರೆ, ಯಾರು ಆ ಕಡೆ ಹೋಗುವುದು ಅಂತ ಮೂರು ವಾರದಿಂದ ಜಗಳ ನಡೆಯುತ್ತಿದೆ.

ಇತಿ,
ನಿಮ್ಮ ಹಳೆಯ ಓದುಗಾರ್ತಿ